ಬಲಗಾಲಿನ ಬ್ರೇಕು

ನನ್ನ ಸ್ಕೂಟರಿನಲ್ಲಿ ಹಿಂದೆ ಕೂರುವವರ ಬಲಗಡೆಯ ಫುಟ್‌ರೆಸ್ಟು ಎಡಗಡೆಯದಕ್ಕಿಂತ ಒಂದು ಬೆರಳಿನಷ್ಟು ಕೆಳಗೆ ಜಗ್ಗಿದೆ. ಜಗ್ಗಿಸಿದವರು ಅಪ್ಪ.

ಊರಿನ ಹಳೆಯ ಪೇಟೆ ಮಹಾಲದ ಗಲ್ಲಿಯೊಂದರಲ್ಲಿ ಅಂಗಡಿಯ ಮೆಟ್ಟಿಲಿಳಿಯುವಾಗ ಅವರ ಕಾಲು ಉಳುಕಿತು. ಬರೀ ಉಳುಕಲ್ಲ, ಬಲ ಪಾದದ ಗಂಟಿನ ಎಲುಬು ಬಿರುಕು ಬಿಟ್ಟಿದೆ ಎಂದು ಎಕ್ಸ್‌ರೇ ಹೇಳಿತು. ಆರು ವಾರ ಪ್ಲಾಸ್ಟರ್ ಹಾಕಿದರು. ಅದನ್ನು ಬಿಚ್ಚಿದ ದಿನ ಅಪ್ಪ ಡಾಕ್ಟರನ್ನು ಕೇಳಿದ್ದು ಒಂದೇ ಪ್ರಶ್ನೆ: ಗಾಡಿ ಯಾವಾಗ ಓಡಿಸಲಿ?

ಅವರದು ಹಳೆಯ ಗೇರಿನ ಸ್ಕೂಟರ್. ಧಾರವಾಡದ ಕಡೆಯಿಂದ ಈ ಮರಾಠಿ ಊರಿನ ಕಾರ್ಖಾನೆಗೆ ವರ್ಗವಾಗಿ ಬಂದಾಗ ಜೊತೆಗೇ ತಂದದ್ದು. ಅದರ ಬ್ರೇಕು ಬಲಗಾಲಿನಡಿ ಇದೆ. ಒಂದು ತಿಂಗಳ ನಂತರ ಪಾದಕ್ಕೆ ಒತ್ತುವ ಶಕ್ತಿ ಬಂದಿದ್ದರೆ ಓಡಿಸಬಹುದು, ಇಲ್ಲದಿದ್ದರೆ ಆ ಗಾಡಿಯನ್ನು ಮರೆತುಬಿಡಿ ಎಂದರು ಡಾಕ್ಟರು. ಪಾದಕ್ಕೆ ಸಿಕ್ಕಿಸಿ ದಿನಕ್ಕೆ ಮೂರು ಸಲ ಒತ್ತಲೆಂದು ಒಂದು ರಬ್ಬರ್ ಪಟ್ಟಿ ಕೊಟ್ಟರು.

ಅವ್ವ ಆಗಲೇ ಗುಜರಿಯವನನ್ನು ಮಾತಾಡಿಸಿದ್ದಳು. "ಗಾಡಿಗೂ ವಯಸ್ಸಾತು, ನಿಮಗೂ ಆತು. ಇಬ್ಬರೊಳಗ ಒಬ್ಬರನ್ನರ ಕೊಡಬೇಕಲ್ಲ."

ಇಷ್ಟಾದರೂ ಅಪ್ಪ ಪಟ್ಟಿಯನ್ನು ಐದು ಸಲ ಒತ್ತಿ, ಬೇಜಾರಾಗಿ, ಪೇಪರ್ ಬಿಡಿಸುತ್ತಿದ್ದರು.

ದಿನಾ ಬೆಳಿಗ್ಗೆ ಪ್ರತಾಪ ನಗರದ ಮನೆಯಿಂದ ಅವರನ್ನು ಕಾರ್ಖಾನೆಯ ಗೇಟಿಗೆ ಬಿಟ್ಟು ನಾನು ಪಾಠ ಮಾಡುವ ಕಾಲೇಜಿಗೆ ಹೋಗುತ್ತಿದ್ದೆ. ಹಂಪು ಬಂದರೆ, ದನ ಬಂದರೆ, ದೂರದಲ್ಲಿ ಸಿಗ್ನಲ್ ಕಂಡರೂ ಸಾಕು, ಹಿಂದೆ ಫುಟ್‌ರೆಸ್ಟು ಕಿರ್ರೆನ್ನುತ್ತಿತ್ತು. ನನ್ನ ಗಾಡಿಯ ಬ್ರೇಕುಗಳಿರುವುದು ಕೈಯಲ್ಲಿ. ನಾನು ಮೂವತ್ತರ ಮೇಲೆ ಹೋಗುವವಳೂ ಅಲ್ಲ. ನನ್ನ ಮೇಲೆ ಅವರಿಗೆ ಭರವಸೆ ಇಲ್ಲವೆಂದು ಎರಡು ವಾರ ಒಳಗೊಳಗೇ ನೊಂದುಕೊಂಡೆ. ಕೊನೆಗೊಮ್ಮೆ ಸಿಗ್ನಲ್ಲಿನಲ್ಲಿ ನಿಂತಾಗ ಹೇಳಿದೆ:

"ಅಪ್ಪಾ, ಬ್ರೇಕ್ ನನ್ನ ಕೈಯಾಗ ಅದಾವ."

"ನನಗ ಗೊತ್ತೈತಿ, ಯವ್ವಾ. ಕಾಲಿಗೆ ಗೊತ್ತಿಲ್ಲ."

ನಗು ತಡೆಯಲಾಗದೆ ಹಸಿರು ದೀಪ ಬಂದದ್ದನ್ನು ನೋಡಲೇ ಇಲ್ಲ. ಹಿಂದಿನವರ ಹಾರ್ನು ಕೇಳಿ ಹೊರಟೆ. ಆಮೇಲೆ ನಾನೇ ಹಂಪುಗಳು ಹೆಚ್ಚಿರುವ ರಸ್ತೆ ಹಿಡಿಯತೊಡಗಿದೆ. ಇದನ್ನು ಅವರಿಗೆ ಇನ್ನೂ ಹೇಳಿಲ್ಲ.

ತಿಂಗಳಾಯಿತು. ಡಾಕ್ಟರು ಅಂಗಾಲಿಗೆ ತಮ್ಮ ಅಂಗೈ ಕೊಟ್ಟು ಒತ್ತಲು ಹೇಳಿದರು. ಅಪ್ಪ ಒತ್ತಿದ ರಭಸಕ್ಕೆ ಡಾಕ್ಟರು ಕೂತಿದ್ದ ಗಾಲಿಯ ಕುರ್ಚಿಯೇ ಹಿಂದೆ ಸರಿಯಿತು. ಪಟ್ಟಿಯ ವ್ಯಾಯಾಮ ದಿನಕ್ಕೆಷ್ಟು ಸಲ ಮಾಡಿದಿರಿ ಎಂದು ಅವರು ಮೆಚ್ಚುಗೆಯಿಂದ ಕೇಳಿದರೆ, ಸುಳ್ಳು ಹೇಳಲು ಬಾರದ ಅಪ್ಪ ನನ್ನ ಮುಖ ನೋಡಿದರು. ಹೊರಗಿನವರೆದುರು ನಾನು ಮಾತಾಡುವುದು ಕಡಿಮೆ. ಅಂದು ಮರಾಠಿಯಲ್ಲಿ ಫುಟ್‌ರೆಸ್ಟಿನ ಕಥೆ ಹೇಳಿದ್ದಲ್ಲದೆ, ಅಪ್ಪ ಹೇಗೆ ಒತ್ತುತ್ತಿದ್ದರೆಂದು ನೆಲಕ್ಕೆ ಕಾಲೂರಿ ತೋರಿಸಿದೆ. ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಓಡಿಸಿ ಕಾಕಾ, ಆದರೆ ಇನ್ನೊಂದು ತಿಂಗಳು ಕಿಕ್ ಮಾತ್ರ ಹೊಡೆಯಬೇಡಿ ಎಂದರು.

ಅಪ್ಪನ ಮುಖ ಇಳಿಯಿತು. ಆ ಗಾಡಿ ಚಾಲೂ ಆಗುವುದೇ ಕಿಕ್ಕಿನಿಂದ. ಮನೆಯಲ್ಲಿ ಅವ್ವ, "ಮತ್ತ ಹ್ಯಾಂಗ ಚಾಲೂ ಮಾಡ್ತೀರಿ? ಮಂತ್ರ ಹಾಕ್ತೀರೇನು?" ಎಂದಳು. ಗುಜರಿಯವನಿಗೆ ಬರಬೇಡವೆಂದು ಫೋನು ಮಾಡಿದವಳೂ ಅವಳೇ.

ಮರುದಿನ ಬೆಳಿಗ್ಗೆ ನಾನು ಹಳೆಯ ಸ್ಕೂಟರಿನ ಧೂಳು ಒರೆಸಿ, ಓಢಣಿಯನ್ನು ಸೊಂಟಕ್ಕೆ ಬಿಗಿದುಕೊಂಡೆ. ಅಪ್ಪ ಎಷ್ಟೋ ವರ್ಷ ಮಾಡಿದ್ದನ್ನು ನೋಡಿದ್ದೆನಲ್ಲ, ಹಾಗೆಯೇ ಗಾಡಿಯನ್ನು ಒಂದು ಮಗ್ಗುಲಿಗೆ ವಾಲಿಸಿ, ನೆಟ್ಟಗೆ ಮಾಡಿ, ಕಿಕ್ ಹೊಡೆದೆ. ಏಳನೆಯ ಸಲಕ್ಕೆ ಚಾಲೂ ಆಯಿತು. ಅಪ್ಪ ಹ್ಯಾಂಡಲ್ ಹಿಡಿದು ಕುಳಿತರು. ದಾರಿಯಲ್ಲಿ ಗಾಡಿ ನಿಂತುಬಿಟ್ಟರೆ ಮತ್ತೆ ಕಿಕ್ ಹೊಡೆಯಲು ಆಳು ಬೇಕಲ್ಲ, ನನ್ನ ಸ್ಕೂಟರಿನ ಕೀಲಿಯನ್ನು ಅವ್ವನ ಕೈಗೆ ಕೊಟ್ಟು ನಾನು ಹಿಂದೆ ಹತ್ತಿದೆ.