ಹಲ್ಲಕ್ಕ ನಿಲ್ಲುತ್ತಿದ್ದ ರೀತಿ

ಹೋದ ಮಂಗಳವಾರ ಬೆಳಗ್ಗೆ ಹಲ್ಲಕ್ಕ ತೀರಿಕೊಂಡಳು. ಮನೆಯಲ್ಲಿ, ತನ್ನ ಹಾಸಿಗೆಯಲ್ಲಿ, ನಿದ್ದೆಯಲ್ಲೇ.

ಫೋನ್ ಮಾಡಿದವನು ಅವಳ ಮಗ. "ಚಿಕ್ಕಮ್ಮ, ಅಮ್ಮ ಹೋಗ್ಬಿಟ್ಳು" ಎಂದ. ನನ್ನ ಬಾಯಿಂದ ಬಂದ ಮೊದಲ ಮಾತು, "ಯಾವ ರಸ್ತೇಲಿ?"

"ರಸ್ತೇಲಲ್ಲ ಚಿಕ್ಕಮ್ಮ. ಮಲಗಿದ್ದೋಳು ಏಳಲಿಲ್ಲ."

ಅಳು ಬರುವುದಕ್ಕೆ ಮೊದಲು ನಾನು ಉಸಿರು ಬಿಟ್ಟೆ. ಆ ಕಡೆ ಅವನೂ ಉಸಿರು ಬಿಟ್ಟದ್ದು ಕೇಳಿಸಿತು. ಅವನು ಸಿಟಿ ಬಸ್ ಡ್ರೈವರು. ಕೆಲಸಕ್ಕೆ ಸೇರಿದಂದಿನಿಂದ, ಎದುರಿಗೆ ಅಡ್ಡ ಬಂದ ಸೈಕಲ್ಲುಗಳಲ್ಲೆಲ್ಲ ತಾಯಿಯನ್ನೇ ಕಂಡು ಬೆವೆತವನು. "ಡಿಪೋದಲ್ಲಿ ಎಲ್ಲರಿಗಿಂತ ಬೇಗ ಬ್ರೇಕ್ ಸವೆಯೋದು ನನ್ನ ಬಸ್ಸಿಂದು. ಅದಕ್ಕೆ ಕಾರಣ ನೀನೇ" ಎಂದು ಅವಳನ್ನು ಗೋಳು ಹುಯ್ದುಕೊಳ್ಳುತ್ತಿದ್ದ. ದುಃಖದ ಜೊತೆಜೊತೆಗೇ ಒಂದು ನೆಮ್ಮದಿಯೂ ಬಂತು ಎಂದು ಬರೆಯಲು ನನಗೆ ಸಂಕೋಚವಿಲ್ಲ. ಅವಳ ಸೈಕಲ್ ಗೊತ್ತಿದ್ದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ.

ನಾವಿಬ್ಬರೂ ಒಂದು ಡೆಂಟಲ್ ಲ್ಯಾಬಿನಲ್ಲಿ ಕೆಲಸಕ್ಕಿದ್ದೆವು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಾನು ಅದಕ್ಕೆ ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ಹಲ್ಲು ಕೂರಿಸಿ, ತಿಕ್ಕಿ ತೀಡಿ ಸೆಟ್ಟು ಮಾಡುತ್ತೇನೆ. ಅಚ್ಚು ತರುವುದು, ಸೆಟ್ಟು ತಲುಪಿಸುವುದು ಅವಳ ಪಾಲು. ಬೆನ್ನಿಗೊಂದು ಚೀಲ, ಅದರೊಳಗೆ ಹತ್ತಿಯಲ್ಲಿ ಸುತ್ತಿದ ಯಾರ್‍ಯಾರದೋ ಹಲ್ಲುಗಳ ಡಬ್ಬಿ. ಕ್ಲಿನಿಕ್ಕಿನವರು ಹಲ್ಲಕ್ಕ ಎಂದು ಕರೆದರು, ಆ ಹೆಸರೇ ನಿಂತಿತು.

ಸೈಕಲ್ಲು ಅವಳ ಅಣ್ಣನದು. ಅವನು ಒಂದು ಕಾಲದಲ್ಲಿ ರೇಸಿಗೆ ಹೋಗುತ್ತಿದ್ದ, ಅದು ದುಂಡನೆಯ ಟ್ರ್ಯಾಕಿನಲ್ಲಿ ಓಡಿಸುವ ಜಾತಿಯ ಸೈಕಲ್ಲು. ನಮ್ಮ ನಿಮ್ಮ ಸೈಕಲ್ಲಿನಲ್ಲಿ ತುಳಿಯುವುದನ್ನು ಬಿಟ್ಟರೆ ಚಕ್ರ ತನ್ನ ಪಾಡಿಗೆ ಉರುಳುತ್ತದೆ, ಕಾಲು ಸುಮ್ಮನಿರುತ್ತದೆ. ಅದರಲ್ಲಿ ಹಾಗಲ್ಲ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತದೆ, ಪೆಡಲಿನ ಜೊತೆ ಕಾಲೂ ತಿರುಗಲೇಬೇಕು. ಬ್ರೇಕೇ ಇರಲಿಲ್ಲ. ನಿಲ್ಲಬೇಕಾದರೆ, ತಿರುಗುವ ಪೆಡಲನ್ನು ಕಾಲಿನಿಂದಲೇ ತಡೆತಡೆದು ನಿಧಾನ ಮಾಡಬೇಕು.

ಅವಳು ನಿಲ್ಲುವುದನ್ನು ನೋಡಲೆಂದೇ ನಾನು ಎಷ್ಟೋ ಸಲ ಕಿಟಕಿಯ ಹತ್ತಿರ ಹೋಗುತ್ತಿದ್ದೆ. ಬೀದಿಯ ಆ ತುದಿಯಲ್ಲಿರುವಾಗಲೇ ಅವಳ ನಿಲ್ಲುವಿಕೆ ಶುರುವಾಗಿರುತ್ತಿತ್ತು. ಕಾಲು ನಿಧಾನ, ಇನ್ನೂ ನಿಧಾನ. ಗೇಟಿಗೆ ಬರುವಷ್ಟರಲ್ಲಿ ಚಕ್ರಕ್ಕೆ ಉರುಳುವ ಆಸೆಯೇ ಉಳಿದಿರುತ್ತಿರಲಿಲ್ಲ. ಕೆಲವು ಹುಡುಗರು ಇಂಥದೇ ಸೈಕಲ್ಲಿನಲ್ಲಿ ಬಂದು, ಹಿಂದಿನ ಚಕ್ರ ಬಿಗಿಹಿಡಿದು ಕಿರ್ರೆಂದು ಟೈರು ಎಳೆಸಿ ನಿಲ್ಲಿಸುತ್ತಿದ್ದರು. ಅವಳು ಮೂಗು ಮುರಿಯುತ್ತಿದ್ದಳು. "ಅದು ನಿಲ್ಲೋದಲ್ಲ ಕಣೇ. ನಿಲ್ಬೇಕು ಅಂತ ತಡವಾಗಿ ನೆನಪಾಗೋದು."

ಹಾಗಿದ್ದವಳೂ ಒಮ್ಮೆ ಬಿದ್ದಳು. ದೊಡ್ಡ ಕ್ಲಿನಿಕ್ಕು ಇರುವುದು ದಿಬ್ಬದ ಮೇಲೆ, ನಮ್ಮ ಲ್ಯಾಬು ಅದೇ ಇಳಿಜಾರಿನ ಬುಡದಲ್ಲಿ. ಅರ್ಧ ಇಳಿದಾಗ ಚೈನು ಕಳಚಿಕೊಂಡಿತು. ಚೈನಿಲ್ಲದ ಮೇಲೆ ಕಾಲಿಗೆ ಹಿಡಿತವೆಲ್ಲಿಂದ? ಚಪ್ಪಲಿಯನ್ನು ಟೈರಿಗೆ ಒತ್ತಿ ಒತ್ತಿ, ಕೊನೆಗೆ ಪಕ್ಕದ ಬೇಲಿಗಿಡಗಳಿಗೆ ತಾನಾಗಿಯೇ ನುಗ್ಗಿದಳು. ನಮ್ಮ ಮಾಲೀಕರು ಓಡಿ ಹೋಗಿ, "ಹಲ್ಲು ಹೇಗಿದೆ?" ಎಂದರು.

"ಯಾರದ್ದು? ಡಬ್ಬೀಲಿರೋದು ಚೆನ್ನಾಗಿದೆ" ಎಂದಳು, ಬಾಯಿಗೆ ಕರವಸ್ತ್ರ ಒತ್ತಿಕೊಂಡು. ಅವಳ ಮುಂದಿನ ಹಲ್ಲು ಅರ್ಧ ಹೋಗಿತ್ತು.

ಡಾಕ್ಟರು ಅವಳ ಬಾಯಿಯ ಅಚ್ಚು ತೆಗೆದರು. ಅದನ್ನು ಡಬ್ಬಿಯಲ್ಲಿಟ್ಟು, ಅದೇ ಸೈಕಲ್ಲಿನಲ್ಲಿ, ನನ್ನ ಮೇಜಿಗೆ ತಂದವಳೂ ಅವಳೇ. ನಾನು ಕ್ಯಾಪ್ ಮಾಡಿದೆ. ಬಣ್ಣ ಎಷ್ಟು ಸರಿಯಾಗಿ ಕೂಡಿತ್ತೆಂದರೆ, ನನ್ನ ಕೆಲಸಕ್ಕೆ ನಾನೇ ಬೀಗಿದೆ. ಮಾಡಿ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ.

"ಮುಂದಿನ ಚಕ್ರಕ್ಕೆ ಒಂದು ಬ್ರೇಕ್ ಹಾಕಿಸ್ಕೊಂಡು ಬಾ. ಆಮೇಲೆ ಹಲ್ಲು."

"ಹಲ್ಲಿಲ್ದಿದ್ರೆ ನಿನಗೇನೇ ಕಷ್ಟ?"

"ನನಗೇನಿಲ್ಲ. ನೀನು ನಗಬೇಡ, ಅಷ್ಟೇ."

ಅದೊಂದು ಅವಳಿಗೆ ಬಾರದ ವಿದ್ಯೆ. ಆದರೂ ಹಟ ಬಿಡಲಿಲ್ಲ, ಬೋಡು ಬಾಯಿಯಲ್ಲೇ ಊರೆಲ್ಲ ಹಲ್ಲು ಹಂಚಿದಳು. ಕೊನೆಗೆ ಕ್ಲಿನಿಕ್ಕಿನಲ್ಲಿ ಕಾದು ಕುಳಿತಿದ್ದ ಒಬ್ಬ ಅಜ್ಜ ಅವಳನ್ನು ಮೇಲಿಂದ ಕೆಳಗೆ ನೋಡಿ, "ತರೋರ ಬಾಯಲ್ಲೇ ನಿಲ್ಲದ ಹಲ್ಲು ನನ್ನ ಬಾಯಲ್ಲಿ ನಿಲ್ಲುತ್ತೇನಮ್ಮ?" ಎಂದು ಎದ್ದು ಹೊರಟೇಬಿಟ್ಟನಂತೆ. ಮಾರನೆಯ ದಿನವೇ ಹ್ಯಾಂಡಲ್ಲಿನಲ್ಲಿ ಬ್ರೇಕು ಬಂತು. ಬಳಸಿದ್ದು ಅಪರೂಪ. ಯಾವಾಗಲೋ ಬರುವ ನೆಂಟರಿಗೆಂದು ಎತ್ತಿಟ್ಟ ಲೋಟದ ಹಾಗೆ, ಅದು ಸುಮ್ಮನೆ ಇತ್ತು.

ಈಚೆಗೆ ಮಂಡಿ ಕೈಕೊಟ್ಟಿತು. ಪೆಡಲನ್ನು ತಡೆದು ತಡೆದು ಸವೆದದ್ದು ಟೈರಲ್ಲ, ಅವಳ ಮಂಡಿ. ಸೈಕಲ್ ಬಿಡದಿದ್ದರೆ ನಡೆಯುವುದನ್ನೇ ಬಿಡಬೇಕಾಗುತ್ತದೆ ಎಂದರು ಡಾಕ್ಟರು. ಆಗ ಸೊಸೆ ಬಾಯಿಬಿಟ್ಟಳು. ಅವಳು ಕುಳಿತು ಟಿಕೆಟ್ ಕೊಡುತ್ತಿದ್ದ ಕೌಂಟರು ಮುಚ್ಚಿಹೋಗಿ, ಮನೆಯಲ್ಲೇ ಇದ್ದಳು.

"ಅತ್ತೆ, ನಿಮ್ಮ ಕೆಲಸ ನಾನು ಮಾಡ್ತೀನಿ. ನಿಮ್ಮ ಸೈಕಲ್ಲಲ್ಲೇ."

"ಬೇರೆ ಸೈಕಲ್ ತಗೋ" ಎಂದ ಗಂಡ, ಗಾಬರಿಯಿಂದ. ಸೊಸೆ ಕೇಳಬೇಕಲ್ಲ. ಮದುವೆಯಾಗಿ ಬಂದಂದಿನಿಂದ ಅವಳ ಕಣ್ಣು ಆ ಸೈಕಲ್ಲಿನ ಮೇಲೆ; ಗಂಡನನ್ನು ಅಷ್ಟು ನೋಡಿದ್ದಾಳೋ ಇಲ್ಲವೋ.

ಹಲ್ಲಕ್ಕ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಹೋಗೋದು ಯಾರಿಗಾದ್ರೂ ಬರುತ್ತೆ. ನಿಲ್ಲೋದು ತೋರಿಸು" ಎಂದಳು. ಆಮೇಲೆ ನನ್ನ ಹತ್ತಿರ ಒಬ್ಬಳೇ ಬಂದು, "ಇವಳಿಗೇನಾದ್ರೂ ಆದ್ರೆ ನನ್ನ ಮಗನ ಮುಖ ಹೇಗೇ ನೋಡಲಿ?" ಎಂದು ಸ್ಟೂಲಿನ ಮೇಲೆ ಕುಸಿದು ಕುಳಿತಳು. ಮೂವತ್ತು ವರ್ಷ ನಾವೆಲ್ಲ ಅವಳಿಗಾಗಿ ಪಟ್ಟ ಹೆದರಿಕೆ ಎಂಥದೆಂದು ಅವಳಿಗೆ ಗೊತ್ತಾದದ್ದು ಅವತ್ತು.

ಲ್ಯಾಬಿನ ಹಿಂದಿನ ಅಂಗಳದಲ್ಲಿ ಪಾಠ ಶುರುವಾಯಿತು. ನನ್ನ ಪ್ಲಾಸ್ಟರಿನ ಪುಡಿಯಿಂದಲೇ ಅತ್ತೆ ನೆಲಕ್ಕೊಂದು ಗೆರೆ ಎಳೆದಳು. ಮುಂದಿನ ಚಕ್ರ ಗೆರೆಯ ಮೇಲೆ ನಿಲ್ಲಬೇಕು. ಸೊಸೆ ಎಷ್ಟು ಸಲ ಬಂದರೂ ಒಂದೇ ತಪ್ಪು: ಗೆರೆ ಕಂಡ ಕೂಡಲೇ ಕಾಲು ನಿಲ್ಲಿಸಿಬಿಡುವಳು. ಚಕ್ರ ಬಿಡುತ್ತದೆಯೇ? ಪೆಡಲು ಕೆಳಗಿನಿಂದ ಒದ್ದು ಅವಳನ್ನು ಸೀಟಿನಿಂದ ಎತ್ತಿ ಹಾಕುತ್ತಿತ್ತು.

"ನಿಲ್ಬೇಕು ಅಂದ ತಕ್ಷಣ ಕಾಲು ಯಾಕೆ ನಿಲ್ಲಿಸ್ತೀಯ?"

"ನಿಲ್ಲೋಕೆ ಅತ್ತೆ! ಇನ್ಯಾತಕ್ಕೆ?"

"ಪೂರ್ತಿ ನಿಲ್ಲೋವರೆಗೂ ತುಳೀತಾನೇ ಇರ್ಬೇಕು ಕಣಮ್ಮ. ಮೆಲ್ಲಗೆ, ಬೇಡ ಬೇಡ ಅಂತ. ಕಾಲು ಬೇಡ ಅನ್ನೋವಾಗ್ಲೇ ಕೈಯಲ್ಲಿ ಬ್ರೇಕು ಹಿಡಿ, ಜಗ್ಗಬೇಡ. ಮೈ ಸ್ವಲ್ಪ ಹಿಂದಕ್ಕೆ."

"ನೀವು ಬ್ರೇಕ್ ಹಿಡಿದಿದ್ದು ನಾನೊಂದು ದಿನಾನೂ ನೋಡಿಲ್ಲ."

"ನಾನು ಹಲ್ಲು ಮುರ್ಕೊಂಡಿದ್ದು ನೋಡಿದೀಯಲ್ಲ, ಸಾಕು."

ಅವರಿಬ್ಬರ ನಡುವೆ ಇನ್ನೊಂದು ಜಗಳವಿತ್ತು. ಈ ಸೈಕಲ್ ಹತ್ತಿ ಹೊರಡಲು, ಮೊದಲು ತುಳಿಯುವ ಕಾಲಿನ ಪೆಡಲು ಮುಂದೆ, ಸ್ವಲ್ಪ ಮೇಲಿರಬೇಕು. ಚಕ್ರ ನೆಲದ ಮೇಲಿದ್ದಾಗ ಪೆಡಲು ಸುಮ್ಮನೆ ತಿರುಗುವುದಿಲ್ಲ. ಅದಕ್ಕೇ ಹಲ್ಲಕ್ಕ ನಿಲ್ಲಿಸಿದಾಗಲೆಲ್ಲ ಸೀಟು ಹಿಡಿದು ಹಿಂದಿನ ಚಕ್ರ ಎತ್ತಿ, ಬಲ ಪೆಡಲನ್ನು ಮುಂದಕ್ಕೆ ತಂದಿಡುತ್ತಿದ್ದಳು. ಮುಂದಿನ ಸಲಕ್ಕೆ ತಯಾರು. ಸೊಸೆಯೋ ಎಡಚಿ. ಅವಳು ಎಡ ಪೆಡಲನ್ನು ಮುಂದಕ್ಕೆ ತಂದಿಟ್ಟು ಒಳಗೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ, ಅತ್ತೆ ಹೋಗಿ ಬಲಕ್ಕೆ ತಿರುಗಿಸಿರುತ್ತಿದ್ದಳು.

"ಅತ್ತೆ, ಮತ್ತೆ ತಿರುಗಿಸಿದ್ರಾ?"

"ಸೈಕಲ್ ಯಾರದು?"

ಸೊಸೆ ಮುಖ ಊದಿಸಿಕೊಂಡು ಚಕ್ರ ಎತ್ತುತ್ತಿದ್ದಳು.

ಅಂಗಳದ ಗೆರೆ ಒಲಿದ ಮೇಲೆ ಉಳಿದದ್ದು ಇಳಿಜಾರು. ಸೋಮವಾರ ಸಂಜೆ, ಚೈನನ್ನು ಅತ್ತೆಯೇ ಕೈಯಿಟ್ಟು ಜಗ್ಗಿ ನೋಡಿದ ಮೇಲೆ, ಸೊಸೆ ಸೈಕಲ್ ತಳ್ಳಿಕೊಂಡು ದಿಬ್ಬ ಹತ್ತಿದಳು. ಬೆನ್ನಿಗೆ ಹಲ್ಲಿನ ಚೀಲ. ಹಲ್ಲಕ್ಕ ಲ್ಯಾಬಿನ ಗೇಟಿಗೆ ಬಂದು ಕಂಬ ಹಿಡಿದು ನಿಂತಳು. ಪಕ್ಕದಲ್ಲಿ ನಾನು.

"ನೀನು ನೋಡಿ ಹೇಳು. ನಾನು ಕಣ್ಮುಚ್ಕೊತೀನಿ" ಎಂದಳು. ಕಣ್ಣು ಮುಚ್ಚಲಿಲ್ಲ.

ಸೊಸೆ ಹೊರಟಳು. ಮೊದಲು ಕಾಲು ಚಕ್ರದ ಜೊತೆ ಓಡಿತು. ನನ್ನ ಕೈಯನ್ನು ಹಲ್ಲಕ್ಕ ಹಿಡಿದ ಹಿಡಿತಕ್ಕೆ ಬಳೆ ಚರ್ಮಕ್ಕೆ ಒತ್ತಿತು. ಬೇಲಿಗಿಡಗಳ ಹತ್ತಿರ ಬಂದಾಗ ಕಾಲು ತಡೆಯಲು ಶುರುಮಾಡಿದ್ದು ಕಾಣಿಸಿತು. ನಿಲ್ಲಲಿಲ್ಲ, ತಿರುಗುತ್ತಲೇ ಇತ್ತು, ಒಂದೊಂದು ಸುತ್ತಿಗೂ ಭಾರವಾಗುತ್ತ. ಅಡ್ಡರಸ್ತೆಯಿಂದ ಒಂದು ವ್ಯಾನು ಮೂತಿ ಹೊರಹಾಕಿತು. ಹಲ್ಲಕ್ಕನ ಬಲಗಾಲು ನಿಂತಲ್ಲೇ ನೆಲವನ್ನು ಒತ್ತಿತು. ಅತ್ತ ಸೊಸೆಯ ಮೈ ಹಿಂದೆ ಸರಿಯಿತು, ಬೆರಳು ಬ್ರೇಕಿನ ಮೇಲೆ ಮಡಚಿತು, ಕಾಲು ಇನ್ನೂ ತಿರುಗುತ್ತಿತ್ತು. ವ್ಯಾನು ದಾಟಿಹೋಯಿತು. ಅವಳು ನಡೆಯುವ ವೇಗದಲ್ಲಿ ಬಂದು, ಗೇಟಿನ ಮುಂದೆ, ನಮ್ಮಿಬ್ಬರ ಎದುರಿಗೆ, ಸದ್ದಿಲ್ಲದೆ ಎಡಗಾಲು ನೆಲಕ್ಕಿಟ್ಟು ನಿಂತಳು.

ಹಲ್ಲಕ್ಕ ಮುಂದೆ ಹೋಗಿ ಚೀಲ ತೆಗೆದುಕೊಂಡು, ಡಬ್ಬಿ ಬಿಚ್ಚಿ, ಸೆಟ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

"ಹಲ್ಲು ಹೇಗಿದೆ ಅತ್ತೆ?"

"ಯಾರದ್ದು?" ಎಂದಳು. ಆಮೇಲೆ ನಾನು ಮಾಡಿಕೊಟ್ಟ ಹಲ್ಲೂ ಕಾಣುವ ಹಾಗೆ ನಕ್ಕಳು. ಮನೆಗೆ ಹೊರಡುವಾಗ ನನ್ನ ಭುಜದ ಮೇಲೆ ಒಂದು ಏಟು ಕೊಟ್ಟು, "ಇವತ್ತು ನಿದ್ದೆ ಬರುತ್ತೆ ಕಣೇ" ಎಂದಳು. ನನಗೆ ಅವಳು ಹೇಳಿದ ಕೊನೆಯ ಮಾತು ಅದು.

ಉಳಿದದ್ದನ್ನು ಹೇಳಿದವನು ಮಗ. ಅವತ್ತು ರಾತ್ರಿ ಅವನು ಪಾಳಿ ಮುಗಿಸಿ ಬಂದಾಗ ಅತ್ತೆ ಸೊಸೆಯರ ಊಟವಾಗಿತ್ತು, ಸೊಸೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಸೈಕಲ್ಲು ಯಾವಾಗಲೂ ಇರುವ ಜಾಗದಲ್ಲಿ, ಹೊರಗಿನ ಮೆಟ್ಟಿಲಿನ ಕೆಳಗೆ, ಗೇಟಿಗೆ ಮುಖ ಮಾಡಿ ನಿಂತಿತ್ತು. ಬಲ ಪೆಡಲು ಮುಂದಿತ್ತು. ಅಮ್ಮ ಅದರ ಪಕ್ಕದಲ್ಲಿ ಒಂದು ಕೈಯಿಂದ ಮಂಡಿ ನೀವಿಕೊಳ್ಳುತ್ತಾ ನಿಂತಿದ್ದಳು.

"ಏನಮ್ಮ ಇಲ್ಲಿ?"

"ಏನಿಲ್ಲ. ನೀನು ಊಟ ಮಾಡ್ಹೋಗು."

ಅವನು ಚಪ್ಪಲಿ ಬಿಡುತ್ತಾ ತಿರುಗಿ ನೋಡಿದ. ಅವಳು ಸೀಟು ಹಿಡಿದು ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ, ಪೆಡಲನ್ನು ಅರ್ಧ ಸುತ್ತು ತಿರುಗಿಸಿ, ಎಡದ್ದನ್ನು ಮುಂದೆ ತಂದು, ಚಕ್ರವನ್ನು ಮೆಲ್ಲಗೆ ಕೆಳಗಿಟ್ಟು, ಒಳಗೆ ಹೋಗಿ ಮಲಗಿದಳು.