ತಂಬೂರಿಯಣ್ಣನ ಸೈಕಲ್ಲು

ಈ ಸಲ ನಮ್ಮ ಯಜಮಾನರು ಯಾವುದೋ ಬೇರೆ ಊದುಬತ್ತಿ ತಂದುಬಿಟ್ಟಿದ್ದರು. ಶುಕ್ರವಾರ ಬೆಳಿಗ್ಗೆ ದೇವರ ಮುಂದೆ ಹಚ್ಚಿದ್ದೇ ತಡ, ಆ ವಾಸನೆಗೆ ಎರಡು ಹೆಜ್ಜೆ ಹಿಂದೆ ಸರಿದೆ. ನಮ್ಮೂರಿನಲ್ಲಿ ಯಾರಾದರೂ ತೀರಿಕೊಂಡರೆ ಹೆಣದ ತಲೆಯ ಹತ್ತಿರ ಕಟ್ಟುಗಟ್ಟಲೆ ಹಚ್ಚಿಡುತ್ತಿದ್ದ ಊದುಬತ್ತಿಯದೇ ವಾಸನೆ. ಸೋಮವಾರ ನನಗೆ ಮೈಸೂರಿನಲ್ಲಿ ಆಪರೇಷನ್. ಗರ್ಭಕೋಶದಲ್ಲಿ ಗಡ್ಡೆ ಇದೆ, ತೆಗೆದು ಪರೀಕ್ಷೆಗೆ ಕಳಿಸುತ್ತೇವೆ, ಹೆದರುವಂಥದ್ದೇನಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಹೆದರುವಂಥದ್ದೇನಿಲ್ಲ ಎಂದು ಯಾರಾದರೂ ಹೇಳಿದರೆ ಸಾಕು, ನನಗೆ ಹೆದರಿಕೆ ಶುರುವಾಗುತ್ತದೆ. ಊದುಬತ್ತಿಯನ್ನು ನೀರಿಗೆ ಅದ್ದಿ ಆರಿಸಿದೆ, ಪೊಟ್ಟಣವನ್ನು ಹಿತ್ತಲಿಗೆ ಎಸೆದೆ. ವಾಸನೆ ಮಾತ್ರ ಹೋಗಲಿಲ್ಲ. ಅದರ ಹಿಂದೆಯೇ ತಂಬೂರಿಯಣ್ಣನ ನೆನಪು ಬಂತು...

ಅದೇ ವಾರ ನನ್ನ ಕಾಲೇಜು ಗೆಳತಿಯರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಆಟ ನಡೆದಿತ್ತು. ಚಿಕ್ಕ ವಯಸ್ಸಿನಲ್ಲಿ ಹುಚ್ಚು ಹಿಡಿಸಿದ್ದ ಹಾಡುಗಾರ ಯಾರು, ಈಗ ಮತ್ತೆ ಕೇಳಿದರೆ ಅಷ್ಟೇ ಇಷ್ಟವಾಗುತ್ತಾರಾ ಎಂದು ಎಲ್ಲರೂ ಬರೆಯಬೇಕು. ಹೆಚ್ಚಿನವರು ಸಿನಿಮಾ ಗಾಯಕರ ಹೆಸರು ಹಾಕಿದರು. ಪಾಂಡವಪುರದ ಗಣೇಶನ ಹಬ್ಬಕ್ಕೆ ಬರುತ್ತಿದ್ದ ಆರ್ಕೆಸ್ಟ್ರಾದವನೊಬ್ಬನಿಗಾಗಿ ಪ್ರಾಣ ಬಿಡುತ್ತಿದ್ದ ಗೆಳತಿಯೊಬ್ಬಳು, ಈಗ ಕೇಳಿದರೆ ನಗು ಬರುತ್ತೆ ಕಣ್ರೇ ಎಂದು ಬರೆದಳು. ನಾನು ಏನೂ ಬರೆಯಲಿಲ್ಲ. ಸಾವಿನ ಮನೆಯಲ್ಲಿ ಹಾಡುತ್ತಿದ್ದವರೇ ನನ್ನ ಮೆಚ್ಚಿನ ಗಾಯಕರು ಎಂದು ಬರೆದರೆ ಅವರೆಲ್ಲ ಏನೆಂದುಕೊಂಡಾರು?

ನನ್ನ ತವರು ಚಿನಕುರಳಿ ಪಕ್ಕದ ಒಂದು ಊರು. ಯಾರಾದರೂ ಹೋದರೆ, ದೂರದ ನೆಂಟರು ಬಂದು ಮುಖ ನೋಡುವ ತನಕ ಮನೆ ಮುಂದೆ ತತ್ವಪದ ಹಾಡಿಸುವುದು ನಮ್ಮ ಕಡೆಯ ಪದ್ಧತಿ. ಅದಕ್ಕೆ ಎರಡು ಊರಿನಾಚೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದವರು ತಂಬೂರಿಯಣ್ಣ. ಹಳೇ ಪಂಚೆಯಲ್ಲಿ ಸುತ್ತಿದ ತಂಬೂರಿಯನ್ನು ಮಗುವಿನ ಹಾಗೆ ಬೆನ್ನಿಗೆ ಕಟ್ಟಿಕೊಂಡಿರುತ್ತಿದ್ದರು. ಅವರ ಸೈಕಲ್ಲು ಊರೊಳಗೆ ಬಂದರೆ ಹೆಂಗಸರು ಬಾಗಿಲಿಗೆ ಬಂದು, ಯಾವ ಬೀದಿಗೆ ತಿರುಗುತ್ತದೆ ಎಂದು ನೋಡುತ್ತಿದ್ದರು. ನಮ್ಮ ಬೀದಿ ದಾಟಿ ಹೋದರೆ ಸಮಾಧಾನ. ನನಗೆ ಮಾತ್ರ ಬೇರೆ ಪೇಚಾಟ. ಅವರ ಹಾಡು ಕೇಳಬೇಕು ಅನ್ನಿಸುತ್ತಿತ್ತು, ಕೇಳಬೇಕಾದರೆ ಯಾರಾದರೂ ಸಾಯಬೇಕಿತ್ತು. ಹಾಗೆ ಅನ್ನಿಸಿದ ದಿನವೆಲ್ಲ, ಇನ್ನು ನಮ್ಮ ಮನೆಯಲ್ಲೇ ಏನಾದರೂ ಆಗಿಬಿಡುತ್ತದೆ ಎಂದು ಒಬ್ಬೊಬ್ಬರ ಮುಖವನ್ನೂ ನೋಡಿಕೊಂಡು ಓಡಾಡುತ್ತಿದ್ದೆ.

ಆ ಮನುಷ್ಯನಿಗೆ ಒಂದು ಟೀ ಕುಡಿಯುವ ಸುಖವೂ ಇರಲಿಲ್ಲ. ಸಂತೆಗೆ ಹೋಗುವಾಗ ನಮ್ಮೂರ ಹೋಟೆಲಿನ ಮುಂದೆ ಸೈಕಲ್ಲು ನಿಲ್ಲಿಸಿದರೆ, ಬೆಂಚಿನ ಮೇಲೆ ಕೂತವರೆಲ್ಲ ಎದ್ದು ನಿಂತು ಯಾರ ಮನೆಯಲ್ಲಿ ಎಂದು ಕೇಳುತ್ತಿದ್ದರು. ಯಾರೂ ಇಲ್ಲ, ಟೀ ಕುಡಿಯೋಕೆ ಬಂದೆ ಎಂದು ಅವರು ಬೆನ್ನು ತಿರುಗಿಸಿ, ತಂಬೂರಿ ಇಲ್ಲದ್ದನ್ನು ತೋರಿಸಬೇಕಾಗುತ್ತಿತ್ತು. ಮದುವೆಗೆ ಕರೆಯುವವರಿಲ್ಲ. ಕಾಯಿಲೆ ಬಿದ್ದವರನ್ನು ನೋಡಲು ಅವರಾಗಿಯೇ ಹೋಗುತ್ತಿರಲಿಲ್ಲ.

ಹಾಗಿದ್ದವರನ್ನು ನಮ್ಮಜ್ಜಿಯೇ ಹೇಳಿ ಕಳಿಸಿ ಕರೆಸಿಕೊಂಡರು. ಅಜ್ಜಿಗೆ ಆಗ ಜ್ವರ ಬಿಡದೆ ಎದ್ದು ಕೂರಲೂ ಆಗುತ್ತಿರಲಿಲ್ಲ. ನಮ್ಮಪ್ಪ ಕೂಗಾಡಿದರು, ನಮ್ಮವ್ವ ಅತ್ತಳು, ಅಜ್ಜಿ ಹಟ ಬಿಡಲಿಲ್ಲ. ಬಂದವರು ತಂಬೂರಿಯನ್ನು ಜಗಲಿಯ ಮೇಲೆ ಬಿಟ್ಟು, ಬರಿಗೈಯಲ್ಲಿ ಒಳಗೆ ಬಂದು ಬಾಗಿಲ ಹತ್ತಿರವೇ ಕುಕ್ಕರಗಾಲಲ್ಲಿ ಕೂತರು. ನಮ್ಮೆಲ್ಲರಿಗಿಂತ ಅವರೇ ಹೆಚ್ಚು ಹೆದರಿದ್ದರು.

"ಬ್ಯಾಡ ಕಣವ್ವ, ಆಮ್ಯಾಕೆ ಏನಾರ ಆದ್ರೆ ನನ್ ತಲೆಗೇ ಬತ್ತದೆ" ಅಂದರು.

"ನಾನು ಸತ್ತ ಮ್ಯಾಕೆ ನೀನು ಹಾಡುದ್ರೆ ನಂಗೇನು ಕೇಳುಸ್ತದಾ ಮಗ?" ಅಂದರು ಅಜ್ಜಿ. "ಕಿವಿ ಇರುವಾಗ್ಲೇ ಹಾಡ್ಬುಡು."

ಅವರು ಜಗಲಿಯಿಂದ ತಂಬೂರಿ ತಂದುಕೊಂಡು ಹಾಡಿದರು. ಅಳುವವರಿಲ್ಲದ, ಚಟ್ಟ ಕಟ್ಟುವ ಗಲಾಟೆಯಿಲ್ಲದ ಒಂದು ಮಧ್ಯಾಹ್ನ. ಅಲ್ಲಿಯ ತನಕ ನಾನು ಕಾಂಪೌಂಡಿನ ಆಚೆ ನಿಂತು ಕೇಳಿದ್ದೆ, ಅರ್ಧ ಪದ ಅಳುವಿನಲ್ಲೇ ಮುಳುಗಿರುತ್ತಿತ್ತು. ಅವತ್ತು ಮೊದಲ ಸಲ ಪೂರ್ತಿ ಕೇಳಿದೆ. ಸಾವಿನ ಮನೆಗಳಲ್ಲಿ ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದವರು ಅವತ್ತು ಅಜ್ಜಿಯ ಮುಖವನ್ನೇ ನೋಡುತ್ತ ಹಾಡಿದರು. ಒಂದೆರಡು ಕಡೆ ನಕ್ಕರು ಕೂಡ. ಮೈ ಜುಂ ಅಂದಿತು, ಅದಕ್ಕಿಂತ ಬೇರೆ ಹೇಗೆ ಹೇಳಲಿ...

ಆದರೆ ತಂಬೂರಿಯ ದನಿ ಬೀದಿಗೆ ಬಿದ್ದಿತ್ತಲ್ಲ. ಮೊದಲು ಎದುರು ಮನೆಯವರು ಸೆರಗು ಬಾಯಿಗೆ ಒತ್ತಿಕೊಂಡು ಬಂದರು. ಸಂಜೆ ಹಾಲು ಹಾಕಲು ಹೋದ ಯಾರೋ ಡೈರಿಯಲ್ಲಿ ಹೇಳಿದರು. ಅಲ್ಲಿಂದ ಸುದ್ದಿ ಎಲ್ಲೆಲ್ಲಿಗೆ ಹಬ್ಬಿತೋ, ಮಾರನೆಯ ಬೆಳಿಗ್ಗೆ ಅಕ್ಕಿಹೆಬ್ಬಾಳಿನಿಂದ ಅಜ್ಜಿಯ ತಂಗಿ ಮಾರುದ್ದದ ಹೂವಿನ ಹಾರ ಹಿಡಿದುಕೊಂಡು, ಬೀದಿಯ ತುದಿಯಿಂದಲೇ ಎದೆ ಬಡಿದುಕೊಳ್ಳುತ್ತ ಬಂದರು. ನಡುಮನೆಯಲ್ಲಿ ಗಂಜಿ ಕುಡಿಯುತ್ತಿದ್ದ ಅಜ್ಜಿ ಕತ್ತು ಉದ್ದ ಮಾಡಿ, "ಯಾರವ್ವಾ ವೋಗ್ಬುಟ್ಟೋರು?" ಎಂದು ಕೇಳಿದರು. ಅಕ್ಕತಂಗಿಯರಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಜ್ಜಿ ಮತ್ತೆ ಎದ್ದು ಓಡಾಡಿದರು, ನನ್ನ ಮದುವೆಯಲ್ಲಿ ಕೂತು ಸೋಬಾನೆಯನ್ನೂ ಹೇಳಿದರು.

ಇದನ್ನು ನೆನೆದರೆ ನನಗೆ ಧೈರ್ಯ ಬರಬೇಕು. ಬರುವುದಿಲ್ಲ. ಅಜ್ಜಿಗೆ ಸಾಯುವ ಭಯ ಇರಲಿಲ್ಲ, ನನಗಿದೆ.

ಮದುವೆಯಾಗಿ ಶ್ರೀರಂಗಪಟ್ಟಣಕ್ಕೆ ಬಂದ ಮೇಲೆ ತಂಬೂರಿಯಣ್ಣನ ಹಾಡು ತಪ್ಪಿಹೋಯಿತು. ಅವರು ತೀರಿಕೊಂಡ ಸುದ್ದಿಯನ್ನು ಊರಿನಲ್ಲಿರುವ ನನ್ನ ತಮ್ಮ ಆಮೇಲೆ ಯಾವಾಗಲೋ ಹೇಳಿದ. ಅಷ್ಟು ಹೊತ್ತಿಗೆ ಪದ ಹಾಡುವವರು ಸಿಗದೆ, ಸಾವಿನ ಮನೆಗೆ ಮೈಕ್ ಸೆಟ್ ತರಿಸಿ ಪೆನ್‌ಡ್ರೈವ್ ಹಾಕುವುದು ರೂಢಿಯಾಗಿತ್ತು. ಅವರ ಮನೆ ಮುಂದೆಯೂ ಅದನ್ನೇ ಹಾಕಿದ್ದರಂತೆ. ಬೇರೆ ಯಾರದೋ ದನಿ.

ಊದುಬತ್ತಿ ಎಸೆದ ದಿನವೇ ತಮ್ಮನಿಗೆ ಫೋನ್ ಮಾಡಿ, ಅವರ ಹಾಡು ಯಾರ ಹತ್ತಿರವಾದರೂ ಇದೆಯಾ ಎಂದು ಕೇಳಿದೆ. ಎಲ್ಲೋ ಸಾವಿಗೆ ಹೋದಾಗ ಅವನೇ ಮೊಬೈಲಿನಲ್ಲಿ ತುಂಬಿಸಿಕೊಂಡಿದ್ದ ಒಂದು ತುಣುಕು ಸಿಕ್ಕಿತು. ಕಳಿಸಿದ. ಅದರ ಹಿಂದೆಯೇ ಇನ್ನೊಂದು ಮೆಸೇಜು ಬಂತು: "ಅಕ್ಕ, ಈಗ ಕೇಳ್ಬ್ಯಾಡ. ಆಪರೇಸನ್ ಮುಗುದ್ಮೇಲೆ ಕೇಳು."

ಎರಡು ದಿನ ಅದನ್ನು ಮುಟ್ಟಲಿಲ್ಲ. ಆಸ್ಪತ್ರೆಗೆ ಹೊರಟವಳು ಸಾವಿನ ಪದ ಕೇಳಿ ಅಪಶಕುನ ತಂದುಕೊಳ್ಳುವುದೇ? ಆಮೇಲೆ ಕೇಳೋಣವೆಂದರೆ, ಆಮೇಲೆ ಅನ್ನುವುದು ನನಗೆ ಇಲ್ಲದೇ ಹೋದರೆ? ಇವೆರಡರ ನಡುವೆ ಇನ್ನೊಂದು ಹೆದರಿಕೆ. ಕೇಳಿದ ಮೇಲೆ, ಅಯ್ಯೋ ಇಷ್ಟೇನಾ ಅನ್ನಿಸಿಬಿಟ್ಟರೆ... ಅಜ್ಜಿಯ ಎದುರು ಹಾಡಿದ ಆ ಮಧ್ಯಾಹ್ನವೂ ನನ್ನ ಕೈ ಬಿಟ್ಟುಹೋಗುತ್ತದೆ.

ಇವತ್ತು ಭಾನುವಾರ. ಊಟವಾದ ಮೇಲೆ ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಕಿದೆ. ಕುರ್ಚಿ ಎಳೆಯುವ ಸದ್ದು, ಯಾರೋ ನೀರು ಕೇಳುವ ಸದ್ದು, ಅವುಗಳ ನಡುವೆ ಅವರ ದನಿ. ಮುದಿಯಾಗಿತ್ತು. ತಂಬೂರಿ ಒಂದು ಕಡೆ, ದನಿ ಒಂದು ಕಡೆ ಹೋಗುತ್ತಿತ್ತು. ನಡುವೆ ಕೆಮ್ಮು ಬಂದು ಹಾಡು ನಿಂತು, ಆಮೇಲೆ ಮತ್ತೆ ಶುರುವಾಯಿತು. ನಾಗಮಂಗಲ ಕಡೆಯವರಾದ ನಮ್ಮ ಯಜಮಾನರು ತಂಬೂರಿಯಣ್ಣನನ್ನು ಕಂಡವರಲ್ಲ.

"ಇದ್ನ ಕೇಳಕ್ಕಾ ಇಷ್ಟೊಂದು ಎದರ್ಕಂಡಿದ್ದೆ? ಸುಮಾರಾಗವ್ರೆ ಅಷ್ಟೆ" ಅಂದರು.

ನನಗೆ ಎಲ್ಲಿತ್ತೋ ಸಿಟ್ಟು. ನಿಮಗೇನು ಗೊತ್ತು, ಇಡೀ ಸೀಮೆಯೇ ಕಾಯುತ್ತಿತ್ತು ಅವರಿಗೆ ಎಂದು ಬಾಯಿಗೆ ಬಂದಂತೆ ಅಂದೆ. ಅವರು ತಣ್ಣಗೆ ಎದ್ದು ಬ್ಯಾಗಿಗೆ ನನ್ನ ಬಟ್ಟೆ ತುಂಬಲು ಹೋದರು. ಒಬ್ಬಳೇ ಕೂತು ಯೋಚಿಸಿದರೆ, ಅವರು ಹೇಳಿದ್ದರಲ್ಲಿ ಸುಳ್ಳೇನಿತ್ತು? ಶ್ರುತಿ ತಪ್ಪಿದ್ದು ನನಗೂ ಕೇಳಿಸಿತ್ತು. ಆದರೂ ಆ ದನಿ ನನಗೆ ಬೇಕು. ಗ್ರೂಪಿನ ಆ ಗೆಳತಿಯ ಹಾಗೆ ನಗಲು ನನ್ನಿಂದ ಆಗಲಿಲ್ಲ.

ಆಗಲೇ ಒಂದು ಸಂಗತಿ ಹೊಳೆಯಿತು. ಸಾವಿನ ಮನೆಯಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಚೆನ್ನಾಗಿ ಹಾಡಿದಿರಿ ಎಂದು ಹೆಣದ ಮುಂದೆ ಹೇಳುವುದು ಹೇಗೆ? ಬೀದಿಯಲ್ಲಿ ಎದುರಾದಾಗ ಹೇಳೋಣವೆಂದರೆ, ಅವರನ್ನು ಕಂಡರೇ ಜನ ಒಳಗೆ ಹೋಗುತ್ತಿದ್ದರು. ಅಜ್ಜಿ ಎದುರು ಹಾಡಿದ ದಿನವೂ ನಾನು ಬಾಗಿಲ ಸಂದಿಯಲ್ಲಿ ಸುಮ್ಮನೆ ನಿಂತಿದ್ದೆ. ಅಷ್ಟು ವರ್ಷ ಹಾಡಿದ ಮನುಷ್ಯನಿಗೆ ಆ ಒಂದು ಮಾತನ್ನು ಯಾರೂ ಹೇಳಲಿಲ್ಲವೇನೋ... ಇನ್ನು ಕೇಳಿಸಿಕೊಳ್ಳಲು ಅವರಿಲ್ಲ.

ನಾಳೆಯ ಹೆದರಿಕೆ ಹಾಗೇ ಇದೆ. ಆದರೂ ಇನ್ನೊಂದು ಸಲ ಹಾಕಿದೆ. ಕೆಮ್ಮು ಬಂದು ಹಾಡು ನಿಂತಿತು. ಮಗ್ಗುಲು ಕೋಣೆಗೆ ಕೇಳಿಸದ ಹಾಗೆ, "ಚೆಂದಾಗಿ ಹಾಡುದ್ರಿ ಕಣಣ್ಣ" ಅಂದೆ.

ಅವರು ಗಂಟಲು ಸರಿಮಾಡಿಕೊಂಡು, ಮುಂದಿನ ಪದ ಎತ್ತಿಕೊಂಡರು.