ಫ್ಯಾಮಿಲಿ ರೂಮಿನ ಅರ್ಧ ಬಾಗಿಲು

"ಹೆಂಗದಾನಬೇ ಹುಡುಗ?" ಅಂತ ನಾ ಕೇಳಿದ್ರ ನನ್ನ ಗೆಳತಿ ಏನಂದ್ಲು ಅಂತೀರಿ? "ಕಾಲು ಛಲೋ ಅದಾವು" ಅಂದ್ಲು!

ನಗಬ್ಯಾಡ್ರಿ. ಎಂಬತ್ತರ ದಶಕ ಮುಗಿಯಾಕ ಬಂದಿತ್ತು, ಆದ್ರೂ ಬ್ಯಾಡಗಿಯ ನಮ್ಮ ಓಣ್ಯಾಗ ಕನ್ಯಾ ತೋರಿಸೋದಂದ್ರ ಹಿಂಗ ಇತ್ತು. ಹುಡುಗಿ ಉಪ್ಪಿಟ್ಟಿನ ತಾಟು ಹಿಡಕೊಂಡು ಪಡಸಾಲಿಗೆ ಬರಬೇಕು, ತಲಿ ಬಗ್ಗಿಸಿ ಕುಂದ್ರಬೇಕು, ಹೆಸರು ಕೇಳಿದ್ರ ಹೇಳಬೇಕು, ಎದ್ದು ಒಳಗ ಹೋಗಬೇಕು. ತಲಿ ಎತ್ತಿದ್ರ ಮುಗೀತು, "ಹುಡುಗಿ ಭಾಳ ಜೋರದಾಳ" ಅಂತ ಹಾವೇರಿ ತನಕ ಸುದ್ದಿ. ಹಂಗಾಗಿ ಅಕಿ ನೋಡಿದ್ದು ಅವನ ಎರಡು ಕಾಲಷ್ಟ. ಎಡಗಾಲಿನ ಹೆಬ್ಬೆರಳಿನ ಉಗುರು ಕರ್ರಗ ಆಗಿತ್ತಂತ, ಏನೋ ಬಿದ್ದು ರಕ್ತ ಕಟ್ಟಿತ್ತು ಕಾಣಸ್ತೈತಿ. ಆವತ್ತು ಸೋಮವಾರ, ನಾ ಊರಾಗ ಇರಲಿಲ್ಲ. ಇದ್ದಿದ್ರ ಅಡಗಿಮನಿ ಕಿಡಕ್ಯಾಗಿಂದ ಹಣಿಕಿ ಹಾಕಿ ಮೀಸಿ ತನಕ ವರದಿ ಒಪ್ಪಸ್ತಿದ್ದೆ.

ಸಂಬಂಧ ತಂದಾಕಿ ಅಕಿ ಸೋದರತ್ತಿ. ಆ ಅತ್ತಿಗಂತೂ ಕಾಲು ನೆಲದ ಮ್ಯಾಲೆ ನಿಲ್ಲವಲ್ವು. "ಹುಡುಗ ಗುತ್ತಲದವ. ರಾಣೇಬೆನ್ನೂರಾಗ ಸ್ವಂತ ಬೀಜದ ಅಂಗಡಿ. ನಮ್ಮ ಹುಡುಗಿ ಮ್ಯಾಲಿಂದ ಕಣ್ಣು ಕೀಳಲಿಲ್ಲ ನೋಡ್ರಿ! ಮಧ್ಯಾಹ್ನದ ಊಟ ದಿನಾ ಆ ಹೊಸಾ ಏಸಿ ಹೋಟೆಲ್ಲಿನಾಗ!" ಅಂತ ಮನಿ ಮನಿ ಹೊಕ್ಕು ಹೇಳಿದ್ಲು.

ನನ್ನ ಗೆಳತಿಗೆ ಬೇಕಾಗಿದ್ದು ಬೀಜದ ಅಂಗಡಿ ಅಲ್ಲ, ಏಸಿ ಹೋಟೆಲ್ಲೂ ಅಲ್ಲ. ಅಕಿ ಹಾವೇರ್ಯಾಗ ಟಿ.ಸಿ.ಎಚ್. ಮೊದಲನೇ ವರ್ಷ ಓದಾಕತ್ತಿದ್ಲು. ಸಾಲಿ ಟೀಚರ್ ಆಗಬೇಕು ಅನ್ನೋದೊಂದ ಅಕಿ ಆಸೆ. "ಮದವಿ ಆದ ಮ್ಯಾಲೂ ಓದಸ್ತೀವಿ, ಅದಕ್ಕೇನು" ಅಂತ ಹುಡುಗನ ಕಡೆ ಹಿರ್ಯಾರು ಅಂದು ಹೋಗಿದ್ರು. ಆ "ಅದಕ್ಕೇನು" ಅನ್ನೋ ಮಾತಿನ ಮ್ಯಾಲೆ ಅಕಿಗೆ ನಂಬಿಗಿ ಬರಲಿಲ್ಲ. ಮುಂದಿನ ಸೋಮವಾರ ಅವರಪ್ಪ ಗುತ್ತಲಕ್ಕ ಒಪ್ಪಿಗಿ ಕಳಸಬೇಕಿತ್ತು. "ಅದರೊಳಗ ನಾ ಅವನ ಮುಖಾ ನೋಡಬೇಕು. ಓದಸ್ತೇನಿ ಅಂತ ಅವನ ಬಾಯಿಂದ ಕೇಳಬೇಕು. ನೀ ಬರ್ತಿಯೋ ಇಲ್ಲೋ?" ಅಂದ್ಲು.

ನಾ ಬರದ ಇರ್ತೇನೇನ್ರಿ! ಬ್ಲೌಸಿಗೆ ಮ್ಯಾಚಿಂಗ್ ಅರಿವಿ ತರ್ತೀವಿ ಅಂತ ಮನ್ಯಾಗ ಸುಳ್ಳು ಹೇಳಿ ಶನಿವಾರ ಆ ಏಸಿ ಹೋಟೆಲ್ಲಿಗಂತ ರಾಣೇಬೆನ್ನೂರಿನ ಬಸ್ ಹತ್ತಿದ್ವಿ. ಶನಿವಾರ ಅಂದ್ಮ್ಯಾಲೆ ಬಸ್ಸಿನಾಗ ಕಾಲಿಡಾಕ ಜಾಗ ಇಲ್ಲ, ಎಲ್ಲಾ ಕದರಮಂಡಲಗಿ ಹಣಮಪ್ಪನ ಮಂದಿ. ಅಲ್ಲಿ ಅರ್ಧ ಬಸ್ ಖಾಲಿ ಆತು. ಗೆಳತಿ ಕುಂತಲ್ಲಿಂದನ ಗುಡಿ ಕಡೆ ಕೈ ಮುಗದ್ಲು. "ಏನ ಬೇಡಕೊಂಡಿ?" ಅಂದ್ರ "ಅವ ಊಟಕ್ಕ ಬರ್ಲಿ ಅಂತ" ಅಂದ್ಲು. ನನ್ನ ಮದವಿ ಮಾತಾಗಿದ್ರೂ ಅಷ್ಟು ಹಾರ್ತಿರಲಿಲ್ಲೇನೋ ನನ್ನ ಜೀವ.

ಹೋಟೆಲ್ ಅಂದ್ರ ಹೋಟೆಲ್ ಬಿಡ್ರಿ! ಗಾಜಿನ ಬಾಗಿಲು. ಒಳಗ ಕಾಲಿಟ್ರ ಶ್ರಾವಣದ ಥಂಡಿ. ಟೇಬಲ್ ಮ್ಯಾಲೆ ಬಿಳಿ ಅರಿವಿ, ಗ್ಲಾಸಿನಾಗ ಮಡಿಚಿಟ್ಟ ಕರವಸ್ತ್ರ. ಇಬ್ಬರ ಹೆಣಮಕ್ಕಳು ಬಂದದ್ದು ನೋಡಿ ಸಪ್ಲಾಯರ್ "ಫ್ಯಾಮಿಲಿ ಈ ಕಡೆ ಐತ್ರಿ ಅಕ್ಕಾರ" ಅಂತ ಬದಿಗಿದ್ದ ಸಣ್ಣ ರೂಮಿಗೆ ಕಳಿಸಿದ. ಅದಕ್ಕ ಅರ್ಧ ಬಾಗಿಲು. ಕುಂತ್ರ ಹೊರಗಿನವರ ಮುಖಾ ಕಾಣೂದಿಲ್ಲ, ಬಾಗಿಲಿನ ಕೆಳಗ ಕಾಲಷ್ಟ ಕಾಣ್ತಾವು. ನಾವಿಬ್ಬರೂ ಒಬ್ಬರ ಮುಖಾ ಒಬ್ಬರು ನೋಡಿ ಬಾಯಿಗೆ ಸೆರಗ ತುರುಕಿಕೊಂಡು ನಕ್ಕಿದ್ದೇ ನಕ್ಕಿದ್ದು. ನಮಗ ಬೇಕಾಗಿದ್ದೂ ಕಾಲ ಅಲ್ಲೇನ್ರಿ!

ಮೆನು ಕಾರ್ಡ್ ಸಾಲಿ ಪಾಟಿಗಿಂತ ದೊಡ್ಡದು. ಹೆಸರು ಒಂದೂ ತಿಳೀಲಿಲ್ಲ. ಟೊಮ್ಯಾಟೊ ಅನ್ನೋದೊಂದು ಗೊತ್ತಿತ್ತು, ಟೊಮ್ಯಾಟೊ ಸೂಪ್ ಅಂದ್ವಿ. ನಾನ್ ಅಂದ್ವಿ, ಬೆಣ್ಣಿ ಹಾಕಿದ ಯಾವುದೋ ಪನೀರ್ ಅಂದ್ವಿ. ಸೂಪ್ ಮೊದಲ ಬಂತು. ಕೆಂಪಗ, ಬಿಸಿ ಬಿಸಿ. "ಸಾರು ಬಂತಲ್ಲ, ಅನ್ನ ಬರ್ಲಿ ತಡಿ" ಅಂದೆ ನಾ. ಇಬ್ಬರೂ ಕೈ ಕಟಕೊಂಡು ಕುಂತ್ವಿ. ಅನ್ನ ಬರವಲ್ದು. ಸಪ್ಲಾಯರ್ ಎರಡ ಸಲ ಹಣಿಕಿ ಹಾಕಿ, "ಕುಡೀರಿ ಅಕ್ಕಾರ, ಆರತೈತಿ" ಅಂದ ಮ್ಯಾಲೆ ಗೊತ್ತಾತು. "ಬರೇ ಸಾರು ಕುಡಿಯಾಕ ನಾವೇನು ಬ್ಯಾನಿ ಬಿದ್ದು ಮಲಗೀವೇನು?" ಅಂತ ನಾ ಬೈದೆ. ಆದ್ರ ರುಚಿ ಛಲೋ ಇತ್ತು, ಸುಳ್ಳ್ಯಾಕ ಹೇಳ್ಲಿ.

ಕಣ್ಣು ಮಾತ್ರ ಬಾಗಿಲ ಕೆಳಗ. ಬೂಟು ಹೋದ್ವು. ಕಾಲಂದಿಗಿ ಹಾಕಿದ ಸಣ್ಣ ಕೂಸಿನ ಕಾಲು ಓಡಿ ಹೋದ್ವು. ಒಬ್ಬ ಮುದುಕನ ಊರೋ ಬಡಿಗಿ ಹೋತು. ನಾನ್ ಬಂತು, ಪನೀರ್ ಬಂತು. ನಾ ಬಾಯಾಗ ಒಂದು ತುತ್ತು ಇಡೋದಕ್ಕೂ ಗೆಳತಿ ನನ್ನ ತೊಡಿ ಚಿವುಟೋದಕ್ಕೂ ಸರಿ ಹೋತು. ಚರ್ಮದ ಚಪ್ಪಲಿ. ಎಡಗಾಲಿನ ಹೆಬ್ಬೆರಳು. ಕರ್ರನ್ನ ಉಗುರು.

"ಅವನ! ಅವನಬೇ!"

ಆ ಕಾಲು ನಮ್ಮ ಎದುರಿನ ಟೇಬಲ್ಲಿಗೇ ಹೋಗಿ ಕುಂತ್ವು. ನಾನ ಮೊದಲ ಎದ್ದು ಬಾಗಿಲ ಮ್ಯಾಲಿಂದ ಹಣಿಕಿ ಹಾಕಿದೆ. ಯವ್ವಾ, ಛಲೋ ಅದಾನಲ್ಲ! ಗೋದಿ ಬಣ್ಣ, ದಪ್ಪ ಹುಬ್ಬು, ಇಸ್ತ್ರಿ ಮಾಡಿದ ಅಂಗಿ. ಜೊತಿಗೆ ಅವನ ವಾರಿಗಿಯವ ಒಬ್ಬ. ಸಪ್ಲಾಯರ್‌ಗೆ "ಲಗೂ ಏನ್ ಬ್ಯಾಡಪಾ, ಆರಾಮಾಗಿ ತಾ" ಅಂದ. ಮಾತೂ ಮೆತ್ತಗ. ಗೆಳತಿ ಎದ್ದು ನೋಡಿದ್ಲು, ಕುಂತ್ಲು, ಮತ್ತ ಎದ್ದು ನೋಡಿದ್ಲು. ಅಕಿ ಮುಖಾ ಬ್ಯಾಡಗಿ ಮೆಣಸಿನಕಾಯಿ ಆಗಿತ್ತು. ನನಗ ಎಷ್ಟು ಖುಷಿ ಆತಂದ್ರ, ಅಲ್ಲೇ ಮನಸ್ಸಿನಾಗ ಅಕ್ಕಿಕಾಳು ಹಾಕೇ ಬಿಟ್ಟೆ.

"ಕೇಳೇ ಬಿಡ್ತೇನಿ" ಅಂದ್ಲು.

"ಹುಚ್ಚಿ! ಕುಂದ್ರ ಸುಮ್ನ! ಮಂದಿ ಏನಂದಾರು?" ಅಂತ ನಾ ಸೆರಗ ಜಗ್ಗಿದೆ. ಅಕಿ ಸೆರಗ ಬಿಡಿಸಿಕೊಂಡು ಬಾಗಿಲ ದೂಡಿ ಹೊರಗ ಹೋಗೇ ಬಿಟ್ಲು. ಹತ್ತು ಮಂದಿ ಗಂಡಸರು ಉಣ್ಣಾಕತ್ತಿದ್ದ ಆ ಹಾಲಿನಾಗ, ಅವನ ಟೇಬಲ್ ಮುಂದ ನಿಂತ್ಲು. "ನಮಸ್ಕಾರ್ರಿ. ನಿಮಗೊಂದು ಮಾತು ಕೇಳಬೇಕಾಗಿತ್ತು."

ಅವ ತಲಿ ಎತ್ತಿದ. ಅಕಿ ಮುಖಾ ನೋಡಿದ, ಒಂದಲ್ಲ ಎರಡಲ್ಲ, ನಾ ಹತ್ತು ಎಣಿಸೋವಷ್ಟು ಹೊತ್ತು ನೋಡಿದ. ಆಮ್ಯಾಲೆ ಭಾಳ ಮರ್ಯಾದಿಲೆ ಕೇಳಿದ: "ಯಾರ್ರಿ ತಾವು? ಬೀಜದ ಸಲುವಾಗಿ ಏನ್ರಿ? ನಿಮ್ಮ ಮನಿಯವರನ್ನ ಅಂಗಡಿಗೆ ಕಳಸ್ರಿ, ಮೂರರ ಮ್ಯಾಲೆ ಇರ್ತೇನಿ."

ನಾ ಅರ್ಧ ಬಾಗಿಲಿಗೆ ಜೋತುಬಿದ್ದು ನಿಂತಿದ್ದೆ. ಐದು ದಿನದ ಹಿಂದ ಅಕಿ ಕೈಲೆ ಉಪ್ಪಿಟ್ಟು ತಿಂದು ಹೋದ ಮನಿಷ್ಯಾ ಇವ! ಕಣ್ಣು ಕೀಳಲಿಲ್ಲಂತ, ಆ ಅತ್ತಿ ಬಾಯಿಗೆ ಬೆಂಕಿ ಹಾಕ!

"ಅಲ್ಲರಿ, ಬ್ಯಾರೇ ಯಾರೋ ಅನ್ಕೊಂಡೆ" ಅಂದ್ಲು ಗೆಳತಿ. ತಿರುಗಿ ಬಂದು ಕುಂತ್ಲು. ನಾ ಆ ಪನೀರಿನ ಬಟ್ಟಲು ತಗೊಂಡು ಹೋಗಿ ಅವನ ಇಸ್ತ್ರಿ ಅಂಗಿ ಮ್ಯಾಲೆ ಸುರುವ್ತೇನಿ ಅಂತ ಎದ್ದಿದ್ದೆ. "ಕುಂದ್ರ" ಅಂದ್ಲು. "ಅವಂದೇನು ತಪ್ಪಬೇ? ಅವಗ ಒಂದು ಹುಡುಗಿ ಬೇಕಾಗ್ಯಾಳ. ಯಾವಾಕಿ ಆದ್ರೂ ನಡೀತೈತಿ." ಕಣ್ಣಾಗ ನೀರು ಬಂದಿದ್ವು, ಖರೇ. ಆದ್ರ ಒರಸಿಕೊಂಡು ನಾನ್ ಹರದು ಉಣ್ಣಾಕ ಹತ್ತಿದ್ಲು. ಉಂಡದ್ದೂ ಹೆಂಗ! ಐಸ್‌ಕ್ರೀಮ್ ಬ್ಯಾರೆ ತರಿಸಿದ್ಲು. ಚಮಚಾ ನೆಕ್ಕಿಕೋತ, "ಮುಂದಿನ ವರ್ಷ ಪ್ರಾಕ್ಟೀಸಿಗೆ ಸಾಲಿಗೆ ಕಳಸ್ತಾರ, ನಾ ಒಂದನೇ ಕ್ಲಾಸಿನ ಹುಡುಗರನ್ನ ಕೇಳಾಕಿ" ಅಂತ ಶುರು ಮಾಡಿದ್ಲು. ಬಸ್ಸಿನಾಗೂ ಅದ ಮಾತು. ಅಕಿ ಅಷ್ಟು ಹುರುಪಿನಾಗ ಇದ್ದದ್ದು ನಾ ನೋಡೇ ಇರಲಿಲ್ಲ. ನನಗೂ ಸಿಟ್ಟು ಇಳದು ಅದ ಹುರುಪು ಹತ್ತಿತು.

ಸೋಮವಾರದ ತನಕ ಅಕಿ ಕಾಯಲಿಲ್ಲ. ಸಂಜಿಮುಂದ ಮನಿಗೆ ಬಂದಾಕಿನ ಅವರಪ್ಪನ ಮುಂದ ನಿಂತು "ಅಪ್ಪಾ, ಈ ಸಂಬಂಧ ನನಗ ಬ್ಯಾಡ" ಅಂದ್ಲು. ನಾ ಹೊಸ್ತಿಲದಾಗ ನಿಂತಿದ್ದೆ, ಓಡಬೇಕೋ ಇರಬೇಕೋ ತಿಳೀಲಿಲ್ಲ. ಒಳಗಿಂದ ಸೋದರತ್ತಿ ಓಡಿ ಬಂದ್ಲು. ಅವರಪ್ಪ ಸಿಟ್ಟಿಗೇಳತಾನ ಅಂತ ನಾ ಅನ್ಕೊಂಡಿದ್ದೆ.

"ಯಾಕ? ಹುಡುಗಗ ಏನಾಗೇತಿ?" ಅಂದ.

"ಏನೂ ಆಗಿಲ್ಲಪ್ಪಾ. ಛಲೋ ಮನಿಷ್ಯಾ ಅದಾನ."

"ಅವನ್ನ ನೀ ಯಾವಾಗ ನೋಡಿದಿ?"

"ಇವತ್ತು ನೋಡೀನಿ. ಅವ ಇನ್ನೂ ನನ್ನ ನೋಡಿಲ್ಲ."

ಅವರಪ್ಪ ನಮ್ಮಿಬ್ಬರನ್ನೂ ಒಂದು ಗಳಿಗಿ ದಿಟ್ಟಿಸಿ ನೋಡಿದ. ಬ್ಲೌಸಿನ ಅರಿವಿ ಎಲ್ಲಿ ಅಂತ ಕೇಳಲಿಲ್ಲ. ಸೋದರತ್ತಿ ಬಾಯಿ ತೆರಿಯೋದರೊಳಗ, "ಗುತ್ತಲಕ್ಕ ನಾಳೆ ನಾನ ಹೋಗಿ ಹೇಳಿ ಬರ್ತೇನಿ" ಅಂದು ಕೈಕಾಲು ತೊಳಕೊಳ್ಳಾಕ ಹಿತ್ತಲಕ್ಕ ಹೋದ.